ವಿಲೋ ಗಲ್ಲಿಯ ಕ್ಯಾಪ್ಟನ್

ಚಾರ್ಲ್ಸ್ಟನ್
ಮಾರ್ಚ್ 5, 2006, ಭಾನುವಾರ

ಮಗಳು ವರ್ನೆಲ್‌ಗೆ,

ಈ ಪತ್ರವನ್ನು ನೀನು ಒಡೆದು ಓದುತ್ತೀಯೋ, ಹಾಗೇ ಮೇಜಿನ ಖಾನೆಗೆ ಹಾಕುತ್ತೀಯೋ ಗೊತ್ತಿಲ್ಲ. ಓದುತ್ತೀಯ ಎಂದುಕೊಂಡೇ ಬರೆಯುತ್ತಿದ್ದೇನೆ. ಚರ್ಚಿನಿಂದ ಬಂದು ಇನ್ನೂ ಕೋಟು ತೆಗೆದಿಲ್ಲ. ಮೂರು ಸಲ ಕೂತೆ, ಮೂರು ಸಲ ಎದ್ದೆ. ಈ ಎರಡನೇ ಮಹಡಿಯ ಎರಡು ಕೋಣೆಯಲ್ಲಿ ಓಡಾಡಲು ಜಾಗವೂ ಇಲ್ಲ. ಬಾಗಿಲಿಂದ ಕಿಟಕಿಗೆ ಒಂಬತ್ತು ಹೆಜ್ಜೆ, ಅಷ್ಟೆ.

ಗುರುವಾರ ಕಾಮಿಲ್ ಫೋನ್ ಮಾಡಿದ್ದಳು. ಏಪ್ರಿಲ್‌ನ ಒಂದು ಶನಿವಾರ, ಭಾನುವಾರ ಇಬ್ಬರು ಗೆಳತಿಯರ ಜೊತೆ ಇಲ್ಲಿಗೆ ಬರುತ್ತಾಳಂತೆ. ಮಾರುಕಟ್ಟೆಯ ಹತ್ತಿರ ಹೋಟೆಲಿನಲ್ಲಿ ಕೋಣೆಯನ್ನೂ ಹಿಡಿದಾಗಿದೆ. ಹಳೇ ಊರು ನೋಡಬೇಕು, ಸಿಗಡಿ ತಿನ್ನಬೇಕು, ತಾತನ ಸಾರೋಟಿನಲ್ಲಿ ಕೂರಬೇಕು, ಇಷ್ಟು ಅವಳ ಪಟ್ಟಿ. ಅಮ್ಮನಿಗೆ ಗೊತ್ತೇ ಎಂದು ಕೇಳಿದೆ. “ಗೊತ್ತು ತಾತ. ‘ಹೋಗು, ಹೊಟ್ಟೆ ತುಂಬಾ ತಿನ್ನು’ ಅಂದ್ಲು. ಆಮೇಲೆ ತೊಳೆದ ಪಾತ್ರೇನೇ ಮತ್ತೆ ತೊಳೆಯೋಕೆ ಶುರು ಮಾಡಿದ್ಲು” ಎಂದಳು. ಹುಡುಗಿ ಚೂಟಿ. ಎಲ್ಲವನ್ನೂ ಗಮನಿಸುತ್ತಾಳೆ. ಅದೇ ನನಗೆ ದಿಗಿಲು.

ನೀನು ಬಂದಿದ್ದ ವರ್ಷದಂತೆ ಈಗಲೂ ದಾರಿ ನಮ್ಮ ಕೈಯಲ್ಲಿಲ್ಲ. ಊರು ನೋಡಲು ಬಂದ ಜನರನ್ನು ಕೂರಿಸಿಕೊಂಡು ಮೂಲೆಯ ಗೂಡಂಗಡಿಯಂಥ ಕಟ್ಟೆಯ ಹತ್ತಿರ ಸಾರೋಟು ನಿಲ್ಲಿಸಬೇಕು. ಅಲ್ಲಿ ಒಂದು ಯಂತ್ರ ತಿರುಗುತ್ತದೆ, ಬಣ್ಣದ ಚೆಂಡೊಂದು ಉರುಳಿ ಬೀಳುತ್ತದೆ. ಯಾವ ಬಣ್ಣವೋ ಆ ದಾರಿ. ಎಲ್ಲ ಸಾರೋಟುಗಳೂ ಒಂದೇ ಬೀದಿಗೆ ನುಗ್ಗದಿರಲಿ ಎಂದು ನಗರಸಭೆ ಮಾಡಿದ ಏರ್ಪಾಡು. ಹಸಿರು ಬಂದರೆ ವಿಲೋ ಗಲ್ಲಿ ಹಾಯಬೇಕು. ನಿನ್ನ ಅಮ್ಮನ ಮನೆಯ ಮುಂದೆ.

ಕಾಮಿಲ್ ಕೂತಾಗ ಹಸಿರು ಬಂದರೆ ಅಲ್ಲಿ ನಾನು ಏನು ಹೇಳಲಿ? ನೀನು ಹೇಳಿದ ಹಾಗೆ ಮಾಡುತ್ತೇನೆ. ನಾಲ್ಕು ಸಾಲು ಬರೆದರೂ ಸಾಕು.

ನಿನ್ನ ಅಪ್ಪ,
ಅಲೊಂಜೊ ಪ್ರೇಲೋ


ಡೇಟನ್, ಒಹಾಯೊ
ಮಾರ್ಚ್ 19, 2006

ಅಪ್ಪ,

ಪತ್ರ ಓದಿದೆ. ನಾಲ್ಕು ಸಾಲಿನಲ್ಲಿ ಮುಗಿಯುವ ಮಾತಲ್ಲ ಇದು.

ಎಂಟು ವರ್ಷದ ಹಿಂದಿನ ಆಗಸ್ಟ್. ನಿಮಗೆ ಹೇಳದೆ ಬಂದಿದ್ದೆ. ಎಲ್ಲರಂತೆ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಕೊನೆಯಲ್ಲಿ ಇಳಿದು ಮುಂದೆ ಬಂದು ನಿಲ್ಲಬೇಕು, ನೀವು ಬೆಚ್ಚಿ ನಗಬೇಕು ಎಂದು ಆಸೆ. ಸಾರೋಟು ವಿಲೋ ಗಲ್ಲಿಗೆ ತಿರುಗಿದಾಗ ಮುಂದಕ್ಕೆ ಬಾಗಿ ಕೂತೆ. ನೀವು ಚಾಟಿ ಎತ್ತಿ ಅಮ್ಮನ ಮನೆ ತೋರಿಸಿದಿರಿ. ಇದು ಕ್ಯಾಪ್ಟನ್ ಜೊಸಾಯ ಥಾರ್ನ್ ಕಟ್ಟಿಸಿದ ಮನೆ ಎಂದಿರಿ. ಆ ಅಡುಗೆಮನೆಯಲ್ಲಿ ಅವನ ಹೆಂಡತಿ ರೊಟ್ಟಿ ಸುಡುತ್ತಿದ್ದಳು, ಅವನ ಗಿಳಿ ಪಾದ್ರಿಗೆ ಬೈಯುತ್ತಿತ್ತು ಎಂದಿರಿ. ಎಲ್ಲರೂ ನಕ್ಕರು. ನನ್ನ ಪಕ್ಕದ ಹೆಂಗಸು ನಮ್ಮ ಅಡುಗೆಮನೆಯ ಫೋಟೊ ತೆಗೆದಳು. ಕೊನೆಯಲ್ಲಿ ಇಳಿದು ನಿಮ್ಮ ಮುಂದೆ ಬಂದು ನಿಂತೆ, ಆದರೆ ನಗಿಸಲು ಅಲ್ಲ.

ಅಮ್ಮ ನವೆಂಬರ್‌ನಲ್ಲಿ ಹೋದಳು, ನೀವು ಮಾರ್ಚ್‌ನಲ್ಲಿ ಮನೆ ಮಾರಿದಿರಿ, ನನ್ನನ್ನು ಒಂದು ಮಾತು ಕೇಳಲಿಲ್ಲ. ಅದನ್ನಾದರೂ ನುಂಗಿಕೊಂಡಿದ್ದೆ. ಮನೆಯಿಂದ ಅಮ್ಮನನ್ನು ಅಳಿಸಿ ಅವಳ ಒಲೆಯ ಮುಂದೆ ಯಾರೋ ಬಿಳಿ ಹೆಂಗಸನ್ನು ನಿಲ್ಲಿಸಿದ್ದನ್ನು ನುಂಗಲು ಆಗಲಿಲ್ಲ.

ಕಾಮಿಲ್‌ಗೆ ಆ ಮನೆ ನಿಂತಿದೆ ಎಂದೇ ಗೊತ್ತಿಲ್ಲ. ಅಜ್ಜಿಯ ಮನೆ ಹ್ಯೂಗೋ ಚಂಡಮಾರುತದಲ್ಲಿ ಬಿದ್ದುಹೋಯಿತು ಎಂದು ಹೇಳಿದ್ದೇನೆ. ನೀವು ಅದನ್ನು ಕ್ಯಾಪ್ಟನ್‌ಗೆ ಕೊಟ್ಟಿರಿ, ನಾನು ಗಾಳಿಗೆ ಕೊಟ್ಟೆ. ಈಗ ನೀವು ನಿಜ ಹೇಳಿದರೆ ಮಗಳ ಮುಂದೆ ನಾನು ಸುಳ್ಳಿಯಾಗುತ್ತೇನೆ. ಕ್ಯಾಪ್ಟನ್ ಕಥೆ ಹೇಳಿದರೆ ಇನ್ನು ನನಗೆ ಪತ್ರ ಬರೆಯಬೇಡಿ. ನಾನು ಹೇಳಿದ ಹಾಗೆ ಮಾಡುತ್ತೀರಂತೆ. ನಾನು ಹೇಳುವುದಿಲ್ಲ.

ವರ್ನೆಲ್


ಚಾರ್ಲ್ಸ್ಟನ್
ಏಪ್ರಿಲ್ 2, 2006

ಮಗಳೇ,

ನಿನ್ನ ಪತ್ರ ಅಂಗಿಯ ಜೇಬಿನಲ್ಲೇ ಇದೆ. ಬೆವರಿಗೆ ಮೆತ್ತಗಾಗಿದೆ. ಅದರಲ್ಲಿ ಒಂದು ಮಾತನ್ನೂ ಅಲ್ಲಗಳೆಯುವ ಹಾಗಿಲ್ಲ. ಕ್ಯಾಪ್ಟನ್ ಹುಟ್ಟಿದ್ದು ಹೇಗೆ ಎಂದು ಮಾತ್ರ ಹೇಳುತ್ತೇನೆ. ಮಾಫಿ ಕೇಳಲು ಅಲ್ಲ. ಇಷ್ಟು ದಿನ ಯಾರೂ ಕೇಳಲಿಲ್ಲ, ಅದಕ್ಕೆ.

ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು ಬೆನ್ನು ಹೋದ ಮೇಲೆ ನಾನು ಸಾರೋಟಿಗೆ ಬಂದದ್ದು ನಿನಗೆ ಗೊತ್ತು. ಆರನೇ ತರಗತಿಗೇ ಶಾಲೆ ಬಿಟ್ಟವನು ಮೂರು ಚಳಿಗಾಲ ಗ್ರಂಥಾಲಯದಲ್ಲಿ ಕೂತು ಈ ಊರಿನ ದಪ್ಪ ಪುಸ್ತಕ ಓದಿ ಊರು ತೋರಿಸುವವರ ಪರೀಕ್ಷೆ ಪಾಸು ಮಾಡಿದೆ. ಯಾವ ಕಂಬಿಬೇಲಿಯನ್ನು ಯಾರು ಬಡಿದರು, ಯಾವ ಗಂಟೆ ಎಲ್ಲಿಂದ ಬಂತು, ಎಲ್ಲ ಬಾಯಿಪಾಠ. ಮನೆ ಮಾರಿದ ಮರುವರ್ಷ ಮೊದಲ ಸಲ ಹಸಿರು ಚೆಂಡು ಬಂತು. ಗಲ್ಲಿಗೆ ತಿರುಗಿದೆ. ಹೊಸಬರು ಬಾಗಿಲಿಗೆ ಹೊಳೆಯುವ ಕಪ್ಪು ಬಣ್ಣ ಬಳಿದಿದ್ದರು. ಯಾರೋ ಒಬ್ಬರು, ಇದರಲ್ಲಿ ಯಾರಿದ್ದರು ಎಂದು ಕೇಳಿದರು. ‘ನಾನು’ ಎಂದರೆ ‘ಮತ್ತೇಕೆ ಬಿಟ್ಟಿರಿ’ ಎಂದು ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ‘ಒಬ್ಬ ಕ್ಯಾಪ್ಟನ್’ ಎಂದುಬಿಟ್ಟೆ.

ಆಮೇಲೆ ಅವನಿಗೆ ಹೆಸರು ಬೇಕಾಯಿತು. ಹೆಸರಿದ್ದವನಿಗೆ ಹೆಂಡತಿ ಬೇಕಾಯಿತು. ಗಿಳಿಯನ್ನು ಸೇರಿಸಿದ್ದು ಮೂರನೇ ವರ್ಷ; ಆ ದಿನ ಮಳೆ ಬಂದು ಜನ ಮುಖ ಗಂಟು ಹಾಕಿಕೊಂಡಿದ್ದರು, ನಗಿಸಬೇಕಾಗಿತ್ತು. ಆ ಜನ ನಕ್ಕ ಹೊತ್ತಿನಲ್ಲಿ ನಾನು ಮನೆಯ ಕಡೆ ನೋಡದೆ ದಾಟಿಹೋಗಬಹುದಿತ್ತು. ಹದಿನಾಲ್ಕು ವರ್ಷ ಹಾಗೇ ದಾಟಿದ್ದೇನೆ.

ಈಗ ನಿಜವನ್ನು ಬಾಯಿಗೆ ರೂಢಿ ಮಾಡಿಕೊಳ್ಳೋಣ ಎಂದು ಬೆಳಿಗ್ಗೆ ಖಾಲಿ ಸಾರೋಟಿನಲ್ಲಿ ಹೇಸರಗತ್ತೆಯ ಮುಂದೆ ಹೇಳಿಕೊಳ್ಳುತ್ತಿದ್ದೇನೆ. ಅದರ ಹೆಸರು ಬ್ಯೂಲಾ. ‘ಇದು ನನ್ನ ಹೆಂಡತಿಯ ಮನೆ’ ಎಂದು ಶುರು ಮಾಡಿದರೆ ಅದು ನಡುಬೀದಿಯಲ್ಲಿ ನಿಂತು ಉಚ್ಚೆ ಹೊಯ್ಯುತ್ತದೆ. ತೊಳೆಯುವ ಗಾಡಿಯವರಿಗೆ ಗುರುತು ಸಿಗಲಿ ಎಂದು ನಾನು ಅಲ್ಲೊಂದು ಸಣ್ಣ ಬಾವುಟ ಎಸೆದು ಮುಂದೆ ಹೋಗಬೇಕು. ಬುಧವಾರ ಮೂರು ಬಾವುಟ ಎಸೆದೆ. ಮಾತು ಮಾತ್ರ ಮೊದಲ ಸಾಲು ದಾಟಲಿಲ್ಲ.

ನಿನ್ನ ಮಗಳ ಮುಂದೆ ನಿನ್ನನ್ನು ಸುಳ್ಳಿ ಮಾಡಲು ನನಗೆ ಮನಸ್ಸಿಲ್ಲ. ಕ್ಯಾಪ್ಟನ್‌ನನ್ನು ಮತ್ತೆ ಎಬ್ಬಿಸಲೂ ಮನಸ್ಸಿಲ್ಲ. ಒಂದು ದಾರಿ ಹೇಳು.

ಅಪ್ಪ


ಏಪ್ರಿಲ್ 16, ಈಸ್ಟರ್

ಮಗಳೇ,

ಉತ್ತರ ಬರಲಿಲ್ಲ. ಅಂಚೆಯವನನ್ನು ದಿನಾ ಕೇಳಿ ಈಗ ಅವನು ನನ್ನನ್ನು ಕಂಡರೆ ಎದುರು ಬದಿಗೆ ದಾಟುತ್ತಾನೆ.

ನಿನ್ನ ಅಮ್ಮ ಎರ್ನೆಸ್ಟೀನ್‌ಳ ಸಮಾಧಿಗೆ ಲಿಲ್ಲಿ ಹೂವು ಇಟ್ಟು ಬಂದೆ. ಅಲ್ಲಿಯೂ ಹೆಚ್ಚು ಹೊತ್ತು ನಿಲ್ಲಲು ಆಗಲಿಲ್ಲ. ಕಾಲು ಒಂದು ಕಡೆ ನಿಲ್ಲುತ್ತಿಲ್ಲ.

ಒಂದು ಹೇಡಿ ಕೆಲಸ ಮಾಡಹೊರಟಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಸಾರೋಟಿನವರಲ್ಲಿ ಲೆಮ್ಯುಯೆಲ್ ಎಂಬವನಿದ್ದಾನೆ, ಮೂವತ್ತರ ಹತ್ತಿರದವನು, ನಾನೇ ಕೆಲಸ ಕಲಿಸಿದ್ದು. ಶನಿವಾರ ನನ್ನ ಮೊಮ್ಮಗಳನ್ನು ನಿನ್ನ ಸಾರೋಟಿನಲ್ಲಿ ಕೂರಿಸಿಕೊ ಎಂದು ಅವನನ್ನು ಕೇಳಿದೆ. ಅವನು ಖುಷಿಯಿಂದ, “ಕೂರಿಸ್ಕೋತೀನಿ ಮಿಸ್ಟರ್ ಪ್ರೇಲೋ. ಹಸಿರು ಬಂದ್ರೆ ನಿಮ್ಮ ಕ್ಯಾಪ್ಟನ್ನನ್ನ ನಿಮಗಿಂತ ಚೆನ್ನಾಗಿ ಹೇಳ್ತೀನಿ ನೋಡಿ” ಎಂದ.

ಬೇಡಪ್ಪಾ ಎಂದು ವಾಪಸು ಬಂದೆ. ನನ್ನ ಕೈಕೆಳಗೆ ಕಲಿತವರು ಹನ್ನೊಂದು ಜನ. ಹನ್ನೊಂದು ಜನರೂ ಅದನ್ನೇ ಹೇಳುತ್ತಾರೆ ಎನ್ನುವುದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.

ಕಾಮಿಲ್ ಬರಲು ಆರು ದಿನ ಇದೆ.

ಅಪ್ಪ


ಚಾರ್ಲ್ಸ್ಟನ್
ಏಪ್ರಿಲ್ 22, ಶನಿವಾರ

ಅಮ್ಮ,

ಫೋನಿನಲ್ಲಿ ಹೇಳಿದರೆ ನೀನು ‘ಆಮೇಲೆ ಮಾತಾಡೋಣ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಹೋಟೆಲಿನ ಕಾಗದದಲ್ಲಿ ಬರೆಯುತ್ತಿದ್ದೇನೆ. ಇದನ್ನು ನೀನು ಇಟ್ಟುಬಿಡಲು ಆಗುವುದಿಲ್ಲ.

ಊರು ಚೆನ್ನಾಗಿದೆ. ಬೆಳಿಗ್ಗೆ ಜೋಳದ ನುಚ್ಚಿನ ಗಂಜಿಯ ಮೇಲೆ ಸಿಗಡಿ ಹಾಕಿ ಕೊಟ್ಟರು, ಎರಡು ಸಲ ಹಾಕಿಸಿಕೊಂಡೆ. ಇದೇ ನೀನು ಭಾನುವಾರ ಮಾಡಲು ಹೋಗಿ ಗಂಟು ಗಂಟಾಗುವ ತಿಂಡಿ ಎಂದು ಇವತ್ತು ಗೊತ್ತಾಯಿತು.

ಮಧ್ಯಾಹ್ನ ತಾತನ ಸಾರೋಟು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹುಲ್ಲಿನ ಟೋಪಿ. ನನ್ನನ್ನು ತಬ್ಬಿಕೊಂಡು ಬೇಗ ಬಿಡಲಿಲ್ಲ. ಚೆಂಡು ಬೀಳುವ ಕಟ್ಟೆಯ ಹತ್ತಿರ ತಾತ ಕಣ್ಣು ಮುಚ್ಚಿಕೊಂಡರು. ನೀಲಿ ಚೆಂಡು ಬಿತ್ತು. ತಾತ ಉಸಿರು ಬಿಟ್ಟದ್ದು ಹಿಂದಿನ ಸಾಲಿಗೂ ಕೇಳಿಸಿತು. ನನ್ನ ಗೆಳತಿ ಡೆನೀಸ್, “ನಿಮ್ಮ ತಾತ ಜೂಜಿನಲ್ಲಿ ಗೆದ್ದ ಹಾಗಿದೆ ಕಣೇ” ಎಂದಳು.

ಗೆದ್ದವರ ಹಾಗೆ ಇರಲಿಲ್ಲ ಅಮ್ಮ. ಒಂದು ಗಂಟೆ ಹೊತ್ತು ಕಬ್ಬಿಣದ ಬೇಲಿ, ಗಡಿಯಾರದ ಗೋಪುರ, ಸುಣ್ಣಗಾರೆಯ ಗೋಡೆ, ಇವುಗಳದೇ ಮಾತು. ಎಲ್ಲರನ್ನೂ ನಗಿಸಿದರು. ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ಇಳಿದ ಮೇಲೆ ಎಲ್ಲರೂ ಹೋಗುವವರೆಗೆ ಹೇಸರಗತ್ತೆಯ ಕುತ್ತಿಗೆ ಸವರುತ್ತಾ ನಿಂತರು. ಆಮೇಲೆ, “ನಾಳೆ ಬೆಳಿಗ್ಗೆ ಒಬ್ಬಳೇ ಬಾ. ನಡೆಯೋಕೆ ಆಗೋ ಬೂಟು ಹಾಕ್ಕೊಂಡು ಬಾ” ಎಂದರು.

ಏನಮ್ಮಾ ಅದು? ನಿಮ್ಮಿಬ್ಬರ ನಡುವೆ ಇರುವುದು ನನಗೆ ನಾಳೆ ಗೊತ್ತಾಗುತ್ತದೆ ಅನ್ನಿಸುತ್ತಿದೆ. ನೀನು ಹೇಳಿದ್ದರೆ ಚೆನ್ನಾಗಿತ್ತು.

ಕಾಮಿಲ್


ಚಾರ್ಲ್ಸ್ಟನ್
ಏಪ್ರಿಲ್ 24, ಸೋಮವಾರ

ಮಗಳೇ ವರ್ನೆಲ್,

ಕಾಮಿಲ್ ಅಲ್ಲಿಗೆ ಬಂದಿರುತ್ತಾಳೆ. ಅವಳು ಹೇಳುವುದರ ಜೊತೆಗೆ ನನ್ನದೂ ಇರಲಿ.

ಶನಿವಾರ ನೀಲಿ ಬಂತು, ನಾನು ಉಳಿದೆ ಎಂದುಕೊಂಡೆ. ಅರ್ಧ ದಾರಿಯಲ್ಲಿ ಆ ಸಮಾಧಾನವೇ ಅಸಹ್ಯವಾಯಿತು. ಎಪ್ಪತ್ತೊಂದು ವರ್ಷದ ಮುದುಕ, ಮೊಮ್ಮಗಳಿಗೆ ಏನು ಹೇಳಬೇಕು ಎನ್ನುವುದನ್ನು ಒಂದು ಚೆಂಡಿನ ಕೈಗೆ ಬಿಟ್ಟು ಕೂತಿದ್ದೆ. ಭಾನುವಾರ ನಡೆದು ಹೋಗುವವನಿಗೆ ಯಾವ ಚೆಂಡೂ ಇಲ್ಲವಲ್ಲ. ಚರ್ಚಿಗೂ ಹೋಗಲಿಲ್ಲ. ಎಷ್ಟೋ ವರ್ಷದಲ್ಲಿ ಅದೇ ಮೊದಲು.

ಗಲ್ಲಿಯ ಮೂಲೆ ತಿರುಗಿ ಆ ಮನೆಯ ಎದುರು ನಿಂತೆವು. ಕಾಮಿಲ್, ಇದು ನಿನ್ನ ಅಜ್ಜಿಯ ಮನೆ ಎಂದೆ. ಬ್ಯೂಲಾಳ ಮುಂದೆ ಅಷ್ಟು ದಿನ ಆಗದ್ದು ಒಂದೇ ಉಸಿರಿಗೆ ಬಂತು.

ಹುಡುಗಿ ಛಾವಣಿಯಿಂದ ಬಾಗಿಲಿನವರೆಗೆ ನೋಡಿದಳು. “ಬಿರುಗಾಳಿಯಲ್ಲಿ ಬಿದ್ದುಹೋಯ್ತು ಅಂದಿದ್ದಳು ಅಮ್ಮ” ಎಂದಳು.

“ಛಾವಣಿ ಹೋಗಿದ್ದು ನಿಜ” ಎಂದೆ. “ಮನೆ ಹೋಗಿದ್ದು ನನ್ನಿಂದ. ನಿಮ್ಮಮ್ಮನನ್ನ ಕೇಳದೆ ಮಾರಿದೆ. ಆಮೇಲೆ ಅವಳಿಗೆ ಹೇಳಿಕೊಳ್ಳೋಕೆ ಗಾಳಿ ಬಿಟ್ಟು ನಾನೇನು ಉಳಿಸಿದ್ದೆ?”

ಇಷ್ಟಕ್ಕೇ ಮುಗಿಯುತ್ತಿತ್ತು. ಅಷ್ಟರಲ್ಲಿ ಗೊರಸಿನ ಸದ್ದು. ಲೆಮ್ಯುಯೆಲ್‌ನ ಸಾರೋಟು, ತುಂಬ ಜನ. ಅವನಿಗೆ ಹಸಿರು ಬಂದಿತ್ತು. ನಮ್ಮನ್ನು ಅವನು ನೋಡಲಿಲ್ಲ. ಮನೆಯ ಮುಂದೆ ನಿಲ್ಲಿಸಿ ಕ್ಯಾಪ್ಟನ್ ಥಾರ್ನ್ ಎಂದು ಶುರು ಮಾಡಿದ. ಹೆಂಡತಿ, ರೊಟ್ಟಿ, ಗಿಳಿ, ಎಲ್ಲ ನನ್ನ ಮಾತೇ. ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೋ ಅಲ್ಲೇ ಅವನೂ. ಕೊನೆಗೆ ಅವನದೊಂದು ಸೇರಿಸಿದ: ಕ್ಯಾಪ್ಟನ್‌ನ ದೆವ್ವ ಈಗಲೂ ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲುತ್ತದಂತೆ.

ಕಾಮಿಲ್ ನನ್ನ ತೋಳು ಹಿಡಿದು, “ಯಾವ ಕ್ಯಾಪ್ಟನ್, ತಾತ?” ಎಂದಳು.

ಅವಳ ದನಿಯಲ್ಲಿ ನೀನಿದ್ದೆ. ರಸ್ತೆಗೆ ಇಳಿದು ಅವನ ಹೇಸರಗತ್ತೆಯ ಲಗಾಮಿನ ಪಟ್ಟಿ ಹಿಡಿದುಕೊಂಡೆ. ಲೆಮ್ಯುಯೆಲ್ ನಕ್ಕು, “ರಜಾ ದಿನಾನೂ ನಮ್ಮನ್ನ ಬಿಡಲ್ವಲ್ಲ ನೀವು” ಎಂದ. ಜನರಿಗೆ, ಇವರೇ ನನ್ನ ಗುರುಗಳು ಎಂದು ಪರಿಚಯ ಮಾಡಿಸಿದ. ಅವರು ಚಪ್ಪಾಳೆ ತಟ್ಟಿದರು. ಅದರಷ್ಟು ನಾಚಿಕೆ ನನಗೆ ಹಿಂದೆ ಯಾವತ್ತೂ ಆಗಿಲ್ಲ.

ನಾನು ಹೇಳಿದ್ದು ಇಷ್ಟು: “ಕ್ಯಾಪ್ಟನ್ ಅನ್ನೋನು ಇರಲಿಲ್ಲ. ಹುಟ್ಟಿಸಿದ್ದು ನಾನು. ಈ ಮನೆಯಲ್ಲಿ ಮೂವತ್ತೆರಡು ವರ್ಷ ಇದ್ದವಳು ಎರ್ನೆಸ್ಟೀನ್ ಪ್ರೇಲೋ, ನನ್ನ ಹೆಂಡತಿ. ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ, ಮನೆಗೆ ಬಂದು ಮತ್ತೆ ಬೇಯಿಸೋಳು. ಟೊಮೆಟೊ ಹಾಕಿದ ಕೆಂಪು ಅನ್ನ, ಬೆಂಡೆಕಾಯಿ ಸಾರು. ಸಂಜೆ ಐದೂವರೆಗೆ ನಾನು ಹಡಗುಕಟ್ಟೆಯಿಂದ ಬಂದು ಬಾಗಿಲು ತೆಗೆದರೆ ಬೆನ್ನು ನನ್ನ ಕಡೆ, ಮುಖ ಒಲೆಯ ಕಡೆ. ಒಂದು ದಿನವೂ ತಲೆ ಎತ್ತಿ ನೋಡಿದವಳಲ್ಲ. ಅಂಥ ಕೆಲಸಗಾತಿ.”

ಹಿಂದಿನ ಸಾಲಿನಿಂದ ಒಬ್ಬ ಮುದುಕ, ಹಾಗಾದರೆ ಗಿಳಿ ಎಂದು ಕೇಳಿದ. ಗಿಳಿಯೂ ಇಲ್ಲ ಸ್ವಾಮಿ ಎಂದೆ. ಅದಕ್ಕೇ ಅವನಿಗೆ ಹೆಚ್ಚು ಬೇಜಾರಾದ ಹಾಗಿತ್ತು.

ಆ ಮಾತು ಹೇಳುತ್ತಿದ್ದಾಗ ನನಗೇ ಒಂದು ಉತ್ತರ ಸಿಕ್ಕಿತು. ಆಗ ನೀನು ಕೇಳಿದ್ದೆ, ನಾಲ್ಕೇ ತಿಂಗಳಲ್ಲಿ ಏಕೆ ಮಾರಿದೆ ಎಂದು. ಛಾವಣಿ ರಿಪೇರಿ ಎಂದು ಎಲ್ಲರಿಗೂ ಹೇಳಿದ್ದೆ. ಅದಲ್ಲ. ಅವಳಿದ್ದಾಗಲೇ ಆ ಮನೆಯಲ್ಲಿ ನನಗಾಗಿ ಯಾರೂ ತಿರುಗಿ ನೋಡಲಿಲ್ಲ. ಅವಳು ಹೋದ ಮೇಲೆ ಬಾಗಿಲು ತೆಗೆದಾಗಲೆಲ್ಲ ಅದೇ ನೆನಪಾಗುತ್ತಿತ್ತು. ನನ್ನ ದಾರಿ ಕಾಯುವವರು ಇಲ್ಲಿ ಯಾರಿದ್ದಾರೆ, ಯಾರಿದ್ದರು ಎಂದುಕೊಂಡು ಮಾರಿದೆ. ನಿನ್ನ ಅಮ್ಮನ ಮೇಲೆ ದೂರು ಹೇಳುತ್ತಿಲ್ಲ. ನಾನು ಅಂದುಕೊಂಡದ್ದನ್ನು ಹೇಳುತ್ತಿದ್ದೇನೆ.

ಸಾರೋಟಿನಲ್ಲಿದ್ದ ಯಾರೋ ದೂರು ಕೊಟ್ಟಿದ್ದಾರೆ, ದಾರಿಗೆ ಅಡ್ಡ ನಿಂತೆ ಎಂದು. ಎರಡು ವಾರ ನನಗೆ ಸಾರೋಟಿಲ್ಲ, ಲಾಯ ಗುಡಿಸಬೇಕು. ಲೆಮ್ಯುಯೆಲ್ ಇವತ್ತು ಬಂದು ಪೊರಕೆ ಕಿತ್ತುಕೊಂಡ. ಕ್ಯಾಪ್ಟನ್ ಇಲ್ಲದಿದ್ದರೆ ಅಲ್ಲಿ ಏನು ಹೇಳಬೇಕು, ಸರಿಯಾಗಿ ಹೇಳಿಕೊಡಿ ಎಂದು ಲಾಯದ ನೆಲದಲ್ಲೇ ಕೂತ. ಉಳಿದವರನ್ನೂ ಕರೆದುಕೊಂಡು ಬರುತ್ತಾನಂತೆ. ಅವನಿಗೆ ಹೇಳಲು ಹೊರಟರೆ ನನಗೆ ಗೊತ್ತಿರುವುದು ಐದು ನಿಮಿಷಕ್ಕೆ ಮುಗಿದುಹೋಯಿತು. ಮೂವತ್ತೆರಡು ವರ್ಷ, ಐದು ನಿಮಿಷ.

ನಾನು ಮತ್ತೆ ಬರೆಯಬಹುದೋ ಬೇಡವೋ ಎಂದು ತಿಳಿಸು. ಬೇಡ ಎಂದರೂ ಒಂದು ಸಾಲು ಹಾಕು.

ಅಪ್ಪ


ಡೇಟನ್
ಮೇ 14, 2006, ಭಾನುವಾರ

ಅಪ್ಪ,

ಇವತ್ತು ಅಮ್ಮಂದಿರ ದಿನ. ಕಾಮಿಲ್ ಗಂಜಿ ಮಾಡಿಕೊಟ್ಟಳು. ಒಂದೂ ಗಂಟಿರಲಿಲ್ಲ. ನನ್ನ ಮುಂದೆ ತಟ್ಟೆ ಇಟ್ಟು ನಾನು ತಿನ್ನುವವರೆಗೆ ನೋಡುತ್ತಾ ನಿಂತಿದ್ದಳು, ಪರೀಕ್ಷೆ ಮಾಡುವವಳ ಹಾಗೆ.

ಊರಿಂದ ಬಂದ ಮೇಲೆ ಮೂರು ದಿನ ಅವಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ದಿನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, “ಗಾಳಿ ಎಷ್ಟು ಜೋರಿತ್ತಮ್ಮ?” ಎಂದಳು. ಎಲ್ಲವನ್ನೂ ಹೇಳಿದೆ. ನೀವು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡಿರಿ ಎಂದು ಅವಳೇ ಹೇಳಿದಳು.

ನಿಮ್ಮ ಪತ್ರ ಬಂದು ಮೂರು ವಾರವಾಗುತ್ತಾ ಬಂತು. ಅದರಲ್ಲಿ ಒಂದು ತಪ್ಪಿದೆ. ಅದನ್ನು ತಿದ್ದಬೇಕು ಎಂದು ದಿನಾ ಕೂತು, ದಿನಾ ಎದ್ದಿದ್ದೇನೆ. ಇದು ನಿಮ್ಮಿಂದಲೇ ಬಂದ ಚಾಳಿ ಇರಬೇಕು.

ಅಮ್ಮ ಒಲೆಯಿಂದ ತಲೆ ಎತ್ತಲಿಲ್ಲ ಎಂದಿದ್ದೀರಿ. ನಾನು ಶಾಲೆಯ ಲೆಕ್ಕ ಮಾಡುತ್ತಾ ಅಡುಗೆಮನೆಯ ಮೇಜಿನ ಹತ್ತಿರವೇ ಇರುತ್ತಿದ್ದೆ. ಐದು ಗಂಟೆಯಾಯಿತೆಂದರೆ ಅಮ್ಮ ಒಲೆ ಸಣ್ಣಗೆ ಮಾಡಿ ಕೈ ಒರೆಸಿಕೊಂಡು ಕಿಟಕಿಗೆ ಹೋಗುತ್ತಿದ್ದಳು. ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ ನಿಲ್ಲುತ್ತಿದ್ದಳು. ಹಡಗುಕಟ್ಟೆಯಲ್ಲಿ ಯಾರ ಮೇಲೋ ಮೂಟೆ ಬಿತ್ತು, ಯಾರದೋ ಕೈ ಹೋಯಿತು ಎಂದು ಕೇಳಿದ ದಿನಗಳಲ್ಲಿ ನಾಲ್ಕೂವರೆಗೇ. ನಾನು ಏನಾದರೂ ಕೇಳಿದರೂ ಕಣ್ಣು ಗಲ್ಲಿಯಿಂದ ಕದಲುತ್ತಿರಲಿಲ್ಲ. ಗಲ್ಲಿಯ ಮೂಲೆಯಲ್ಲಿ ನಿಮ್ಮ ಟೋಪಿ ಕಂಡ ತಕ್ಷಣ ಓಡಿಹೋಗಿ ಒಲೆಯ ಮುಂದೆ ನಿಂತು ಸೌಟು ಹಿಡಿಯುತ್ತಿದ್ದಳು. ನೀವು ಬಾಗಿಲು ತೆಗೆಯುವ ಹೊತ್ತಿಗೆ ಅವಳು ಅಲ್ಲೇ ಬೆಳಗಿನಿಂದ ಇದ್ದವಳ ಹಾಗೆ ಇರುತ್ತಿದ್ದಳು. ತಿರುಗಿ ನೋಡಿದರೆ ಮುಖ ಹೇಳಿಬಿಡುತ್ತಿತ್ತು, ಅದಕ್ಕೇ ತಿರುಗುತ್ತಿರಲಿಲ್ಲ.

ಒಮ್ಮೆ ನಾನು ನಕ್ಕೆ. ಆಗ ಅಮ್ಮ, “ನಿಮ್ಮಪ್ಪನಿಗೆ ಹೇಳ್ಬೇಡ ಕಣೇ. ತಲೆಗೇರುತ್ತೆ” ಎಂದಳು.

ನಾನು ಹೇಳಲಿಲ್ಲ. ಅವಳಿದ್ದಾಗಲೂ ಹೇಳಲಿಲ್ಲ, ಹೋದ ಮೇಲೂ ಹೇಳಲಿಲ್ಲ. ನಿಮಗೆ ಗೊತ್ತಿರುತ್ತದೆ ಎಂದೇ ತಿಳಿದಿದ್ದೆ. ನಿಮ್ಮ ಪತ್ರ ಓದಿದ ಮೇಲೆ, ಆ ನಾಲ್ಕು ತಿಂಗಳಲ್ಲಿ ಒಂದು ಸಲ ಹೇಳಿದ್ದರೆ ಮನೆ ಉಳಿಯುತ್ತಿತ್ತೇನೋ ಅನ್ನಿಸುತ್ತಿದೆ. ನಿಮ್ಮನ್ನು ಎಂಟು ವರ್ಷ ಬೈದುಕೊಂಡಿದ್ದೇನೆ. ಈಗ ಬೈಗುಳ ಅರ್ಧರ್ಧ ಹಂಚಿಕೊಳ್ಳಬೇಕಾಗಿದೆ.

ಇದನ್ನು ಲೆಮ್ಯುಯೆಲ್‌ಗೆ ಹೇಳಿ. ಹನ್ನೊಂದು ಜನರಿಗೂ ಹೇಳಿ. ಐದು ನಿಮಿಷಕ್ಕೆ ಮುಗಿಯುವುದಿಲ್ಲ, ಇನ್ನೂ ಬಹಳ ಇದೆ ನನ್ನ ಹತ್ತಿರ. ಬರೆದರೆ ಮುಗಿಯದು. ಜೂನ್ ಎರಡನೇ ಶನಿವಾರ ಬರುತ್ತೇನೆ. ಎರಡೇ ದಿನ ರಜೆ ಸಿಕ್ಕಿದೆ. ಹೋಟೆಲು ಹಿಡಿಯುವುದಿಲ್ಲ, ನಿಮ್ಮ ಒಂಬತ್ತು ಹೆಜ್ಜೆಯ ಮನೆಯಲ್ಲಿ ನನಗೂ ಜಾಗ ಮಾಡಿ.

ಬಸ್ಸು ಸಂಜೆ ಬರುತ್ತದೆ. ನೀವು ನಿಲ್ದಾಣಕ್ಕೆ ಬರುವುದು ಬೇಡ, ಬೆನ್ನು ನೋವು. ಮನೆಯಲ್ಲೇ ಇರಿ. ಕಿಟಕಿಯ ಹತ್ತಿರ ನಿಂತಿದ್ದರೆ ಮಾತ್ರ, ನಾನು ಮೂಲೆ ತಿರುಗಿದಾಗ ಓಡಿಹೋಗಬೇಡಿ.

ವರ್ನೆಲ್